ಹಳೇ ಮನೆ ಒಳಗೇ ಇದೆ: ಮೌಂಟ್ ವರ್ನನ್ ಮಾಡೆಲ್ ಕಟ್ಟಿದ ಬಗೆ

ಈ ಮೇಜಿನ ಮೇಲಿರುವುದು ಜಾರ್ಜ್ ವಾಷಿಂಗ್ಟನ್ ಬಾಳಿ ಬದುಕಿದ ಮನೆ, ಮೌಂಟ್ ವರ್ನನ್. ವಾಷಿಂಗ್ಟನ್ ಡಿ.ಸಿ.ಯಿಂದ ದಕ್ಷಿಣಕ್ಕೆ ಸುಮಾರು 15 ಮೈಲಿ, ಪೊಟೋಮ್ಯಾಕ್ ನದಿಯ ದಡದಲ್ಲಿದೆ. ನಿಮ್ಮಲ್ಲಿ ಬಹಳ ಜನ ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿ ತೋರಿಸಿರುತ್ತೀರಿ. ನದಿ ಕಡೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಫೋಟೋ ತೆಗೆಸಿಕೊಂಡಿರುತ್ತೀರಿ. ಆದರೆ ಹೊರಗಿನಿಂದ ನೋಡಿದವರಿಗೆ ಒಂದು ವಿಷಯ ಗೊತ್ತಾಗುವುದು ಕಷ್ಟ. ಇದು ಒಂದೇ ಸಲಕ್ಕೆ ಕಟ್ಟಿದ ಮನೆ ಅಲ್ಲ. 1734ರಲ್ಲಿ ಶುರುವಾಗಿ 1787ರವರೆಗೆ ಬೆಳೆಯುತ್ತಲೇ ಹೋದ ಮನೆ. ಮೊದಲಿನ ಪುಟ್ಟ ಮನೆಯನ್ನು ಕೆಡವಲಿಲ್ಲ, ಅದು ಈಗಲೂ ಈ ದೊಡ್ಡ ಮನೆಯ ಒಳಗೆ ಹಾಗೇ ಕೂತಿದೆ.

ಅದನ್ನು ತೋರಿಸುವುದಕ್ಕೇ ಈ ಮಾಡೆಲ್. ಚೆಂದದ ಮಾಡೆಲ್ ಬೇಕು ಅಂದರೆ ಮೌಂಟ್ ವರ್ನನ್ನಿನಲ್ಲೇ ಹನ್ನೆರಡರಲ್ಲಿ ಒಂದು ಪ್ರಮಾಣದ ದೊಡ್ಡ ಮಾಡೆಲ್ ಇದೆ, ಒಳಗಿನ ಮೇಜು ಕುರ್ಚಿ ಸಮೇತ ಮಾಡಿದ್ದಾರೆ. ಸಿಕ್ಕರೆ ನೋಡಿ, ಕೈಚಳಕ ಅಂದರೆ ಅದು. ಆದರೆ ಅದು ತೋರಿಸುವುದು ಮುಗಿದ ಮನೆಯನ್ನು. ನನಗೆ ಬೇಕಾಗಿದ್ದು ಬೆಳೆಯುವ ಮನೆ. ಕಟ್ಟಿದ ಕ್ರಮದಲ್ಲೇ ಜೋಡಿಸಬೇಕು, ಅದೇ ಕ್ರಮದಲ್ಲಿ ಹಿಂದಕ್ಕೆ ಬಿಚ್ಚಬೇಕು. ಯಾವ ಗೋಡೆ ಯಾವ ಗೋಡೆಯ ಮೇಲೆ ಕೂತಿದೆ, ಯಾವುದನ್ನು ಕಿತ್ತು ಎಸೆದರು, ಯಾವುದನ್ನು ಉಳಿಸಿಕೊಂಡರು, ಅದೆಲ್ಲ ಕಾಣಬೇಕು.

ಹಂತಗಳನ್ನು ತೋರಿಸೋಕೆ ಎರಡು ದಾರಿ ಇದೆ. ಒಂದು, ಪ್ರತಿ ಹಂತಕ್ಕೂ ಬೇರೆ ಬೇರೆ ಮಾಡೆಲ್ ಮಾಡಿ ಸಾಲಾಗಿ ಇಡುವುದು. ಮ್ಯೂಸಿಯಂಗೆ ಅದೇ ಸರಿ. ಜನ ನಡೆದುಕೊಂಡು ಹೋಗುತ್ತಾ ನೋಡುತ್ತಾರೆ, ಯಾರೂ ಕೈ ಹಾಕಬೇಕಾಗಿಲ್ಲ. ಇನ್ನೊಂದು, ಒಂದೇ ಮಾಡೆಲ್ ಮಾಡಿ ಭಾಗಗಳನ್ನು ಸೇರಿಸುತ್ತಾ ಹೋಗುವುದು. ಹೀಗೆ ಎದುರು ನಿಂತು ಮಾತಾಡುವಾಗ ಎರಡನೆಯದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಸಾಲಾಗಿಟ್ಟ ಮೂರು ಮಾಡೆಲ್ ನೋಡಿದಾಗ ಮೂರು ಬೇರೆ ಮನೆಗಳ ಹಾಗೆ ಕಾಣುತ್ತದೆ. ಅದೇ ಪೆಟ್ಟಿಗೆಯ ಮೇಲೆ ನಿಮ್ಮ ಕಣ್ಣೆದುರೇ ಇನ್ನೊಂದು ಪೆಟ್ಟಿಗೆ ಇಟ್ಟರೆ ಹಳೆಯದು ಒಳಗೇ ಉಳಿದಿದೆ ಅಂತ ಹೇಳಬೇಕಾಗಿಯೇ ಇಲ್ಲ, ನೀವೇ ನೋಡುತ್ತೀರಿ.

ಪ್ರಮಾಣ 48ರಲ್ಲಿ ಒಂದು. ಅಂದರೆ ನಿಜವಾದ ಒಂದು ಅಡಿಗೆ ಇಲ್ಲಿ ಕಾಲು ಇಂಚು. ಮನೆಯ ಉದ್ದ 90 ಅಡಿಗೂ ಜಾಸ್ತಿ, ಹಾಗಾಗಿ ಮಾಡೆಲ್ ಸುಮಾರು ಎರಡು ಅಡಿ ಬರುತ್ತದೆ. ಕಾರಿನ ಹಿಂದಿನ ಸೀಟಿನ ಮೇಲೆ ಕೂರುತ್ತದೆ, ಕಿಟಕಿ ಚೌಕಟ್ಟು ಕೂಡ ಕಾಣುವಷ್ಟು ದೊಡ್ಡದಾಗಿಯೂ ಇರುತ್ತದೆ. ಇದಕ್ಕಿಂತ ಚಿಕ್ಕದಾದರೆ ಹಲಗೆಗಳ ಗೆರೆ ಕಾಣಿಸುವುದಿಲ್ಲ. ಬಳಸಿರುವುದು ಬಾಸ್‌ವುಡ್ ಅನ್ನುವ ಮರ. ಬಾಲ್ಸಾ ಅನ್ನುವ ಮೆದು ಮರ ಕತ್ತರಿಸೋಕೆ ಸುಲಭ, ಆದರೆ ಬಿಚ್ಚಿ ಜೋಡಿಸುವ ಮಾಡೆಲ್‌ನಲ್ಲಿ ಅದರ ಅಂಚು ಬೇಗ ನಜ್ಜಾಗುತ್ತದೆ. ಭಾಗ ಭಾಗ ಸೇರುವ ಕಡೆ ಪುಟಾಣಿ ಆಯಸ್ಕಾಂತ ಹೂತಿಟ್ಟಿದ್ದೇನೆ. ಅಂಟು ಹಾಕಿರುವುದು ಒಂದೇ ಹಂತದ ಒಳಗಿನ ತುಂಡುಗಳಿಗೆ ಮಾತ್ರ. ಹಂತದಿಂದ ಹಂತಕ್ಕೆ ಅಂಟು ಇಲ್ಲ. ಇದು ನಾನು ನನಗೇ ಹಾಕಿಕೊಂಡ ನಿಯಮ.

ಈಗ ಎಲ್ಲಾ ತೆಗೆದು ಪಕ್ಕಕ್ಕಿಡುತ್ತೇನೆ. ಉಳಿದದ್ದು ಇಷ್ಟೇ, ನೋಡಿ. ಒಂದೂವರೆ ಅಂತಸ್ತಿನ ಮನೆ. ನಡುವೆ ಆಚೆಯಿಂದ ಈಚೆಗೆ ಹಾದುಹೋಗುವ ಹಜಾರ, ಎರಡೂ ಕಡೆ ಎರಡೆರಡು ಕೋಣೆ, ಮೇಲೆ ಇಳಿಜಾರು ಛಾವಣಿಯ ಕೆಳಗೆ ಅಟ್ಟದ ಕೋಣೆಗಳು, ಎರಡು ತುದಿಯಲ್ಲಿ ಎರಡು ಚಿಮಣಿ. ಇದನ್ನು ಕಟ್ಟಿಸಿದ್ದು ಜಾರ್ಜ್ ಅಲ್ಲ, ಅವನ ಅಪ್ಪ ಆಗಸ್ಟೀನ್ ವಾಷಿಂಗ್ಟನ್. ಜಾರ್ಜ್ ಹುಟ್ಟಿದ್ದು 1732ರಲ್ಲಿ, ಆಗಿನ್ನೂ ಎರಡು ವರ್ಷದ ಮಗು. ಮೌಂಟ್ ವರ್ನನ್ ಅನ್ನುವ ಹೆಸರೂ ಆಗ ಇರಲಿಲ್ಲ. ಆ ಹೆಸರಿಟ್ಟದ್ದು ಅವನ ಮಲ ಅಣ್ಣ ಲಾರೆನ್ಸ್, ತನ್ನ ಸೇನಾಪತಿ ಅಡ್ಮಿರಲ್ ಎಡ್ವರ್ಡ್ ವರ್ನನ್ ಮೇಲಿನ ಅಭಿಮಾನಕ್ಕೆ.

ಹಳೇ ಪುಸ್ತಕಗಳನ್ನು ತೆಗೆದರೆ ಮನೆ ಕಟ್ಟಿಸಿದ್ದು ಲಾರೆನ್ಸ್, 1743ರ ಹೊತ್ತಿಗೆ ಅಂತ ಇರುತ್ತದೆ. ಹಾಗೆ ಅಂದುಕೊಳ್ಳೋಕೆ ಕಾರಣವೂ ಇದೆ. ನೆಲಮಾಳಿಗೆಯಲ್ಲಿ ಒಂದು ಕಲ್ಲು ಸಿಕ್ಕಿದೆ, ಅದರ ಮೇಲೆ ಅವನ ಹೆಸರಿನ ಮೊದಲಕ್ಷರ ಕೆತ್ತಿದೆ. ಹೆಸರು ಕೆತ್ತಿಸಿದವನೇ ಮನೆ ಕಟ್ಟಿಸಿದವನು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಇಂಥ ಕಡೆ ಮರವನ್ನೇ ಕೇಳಬೇಕು. ತೊಲೆಗೆ ಸಣ್ಣ ಕೊಳವೆ ಹಾಕಿ ಒಂದು ಕಡ್ಡಿಯಷ್ಟು ತಿರುಳು ತೆಗೆದರೆ ಅದರಲ್ಲಿ ವರ್ಷ ವರ್ಷದ ಉಂಗುರ ಕಾಣುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಅಗಲ, ಬರ ಬಂದ ವರ್ಷ ಕಿರಿದು. ಆ ಊರಿನ ಸುತ್ತಲ ಹಳೇ ಮರಗಳ ಉಂಗುರದ ಜೊತೆ ಹೋಲಿಸಿದರೆ ಈ ಮರ ಯಾವ ವರ್ಷ ಕಡಿದದ್ದು ಅಂತ ಹೇಳಬಹುದು, ತೊಗಟೆಯ ಅಂಚು ಉಳಿದಿದ್ದರೆ ಮಾತ್ರ. ಹಳೇ ಮನೆಯ ಮಾಡೆಲ್ ಮಾಡುವವರಿಗೆ ಇದಕ್ಕಿಂತ ಒಳ್ಳೇ ಪುರಾವೆ ಬೇರೆ ಇಲ್ಲ. ಕಲ್ಲಿನ ಮೇಲೆ ಯಾರು ಬೇಕಾದರೂ ಯಾವಾಗ ಬೇಕಾದರೂ ಹೆಸರು ಕೆತ್ತಬಹುದು.

ಈ ಮೊದಲ ಹಂತಕ್ಕೆ ನಾನು ಬಣ್ಣ ಹಚ್ಚಿಲ್ಲ. ಮರವನ್ನು ಮರದ ಬಣ್ಣದಲ್ಲೇ ಬಿಟ್ಟಿದ್ದೇನೆ. ಮುಂದೆ ಬರುವ ಪ್ರತಿ ಹಂತಕ್ಕೂ ಬೇರೆ ಛಾಯೆ ಇದೆ. ಮುಂಭಾಗದ ಬಾಗಿಲು ಕಿಟಕಿ ಕೊರೆದಿದ್ದೇನೆ, ಮುಂದೆ ಅದರಿಂದ ಬಹಳ ಕೆಲಸ ಇದೆ. ಆದರೆ ಹಿಂದೆ, ಪಕ್ಕದಲ್ಲಿ, ಪುರಾವೆ ಸಿಗದ ಕಡೆ ಖಾಲಿ ಹಲಗೆ ಬಿಟ್ಟಿದ್ದೇನೆ. ಚೆಂದ ಕಾಣಲಿ ಅಂತ ಸುಮ್ನೆ ಒಂದು ಕಿಟಕಿ ಕೊರೆದರೆ ನೋಡಿದವರು ಅದನ್ನು ನಿಜ ಅಂದುಕೊಂಡೇ ಮನೆಗೆ ಹೋಗುತ್ತಾರೆ. ಮಾಡೆಲ್‌ಗೆ ಅಂಥ ಶಕ್ತಿ ಇದೆ. ಪುಸ್ತಕದಲ್ಲಾದರೆ ‘ಬಹುಶಃ’ ಅಂತ ಬರೆಯಬಹುದು, ಮರದಲ್ಲಿ ‘ಬಹುಶಃ’ ಅಂತ ಕೊರೆಯೋಕೆ ಬರುವುದಿಲ್ಲ.

ಎರಡನೇ ಹಂತ 1758. ಲಾರೆನ್ಸ್ 1752ರಲ್ಲಿ ತೀರಿಕೊಂಡ. 1754ರಲ್ಲಿ ಜಾರ್ಜ್ ಈ ಜಾಗವನ್ನು ಅಣ್ಣನ ಹೆಂಡತಿಯಿಂದ ಗುತ್ತಿಗೆಗೆ ತಗೊಂಡ. 1759ರ ಜನವರಿಯಲ್ಲಿ ಮಾರ್ತಾ ಜೊತೆ ಮದುವೆ. ಅದಕ್ಕೆ ಮೊದಲು ಮನೆ ದೊಡ್ಡದು ಮಾಡಬೇಕಿತ್ತು. ಈಗ ಗಮನಿಸಿ, ನಾನು ಈ ಹಳೇ ಛಾವಣಿ ಎತ್ತುತ್ತಿದ್ದೇನೆ. ಇದು ಮತ್ತೆ ಮಾಡೆಲ್ ಮೇಲೆ ಬರುವುದಿಲ್ಲ, ಯಾಕೆಂದರೆ ಅವರೂ ಹಾಗೇ ಮಾಡಿದರು. ಛಾವಣಿ ತೆಗೆದು, ಗೋಡೆ ಎತ್ತರಿಸಿ, ಪೂರ್ತಿ ಒಂದು ಅಂತಸ್ತು ಏರಿಸಿ, ಅದರ ಮೇಲೆ ಹೊಸ ಛಾವಣಿ ಕೂರಿಸಿದರು. ಒಂದೂವರೆ ಅಂತಸ್ತು ಎರಡೂವರೆ ಆಯಿತು. ಅಗಲ ಮಾತ್ರ ಒಂದು ಅಡಿಯೂ ಹೆಚ್ಚಲಿಲ್ಲ. ತೆಗೆದ ಛಾವಣಿಯನ್ನು ಬಚ್ಚಿಡಬೇಡಿ, ಮಾಡೆಲ್ ಪಕ್ಕದಲ್ಲೇ ಇಡಿ. ಹಂತ ಅಂದರೆ ಸೇರಿಸಿದ್ದಷ್ಟೇ ಅಲ್ಲ, ಕಳೆದದ್ದೂ ಹೌದು.

ಈ ಹಂತದಲ್ಲೇ ಬಂದದ್ದು ಹೊರಗಿನ ‘ಕಲ್ಲು’. ಮೌಂಟ್ ವರ್ನನ್ ಕಲ್ಲಿನ ಮನೆ ಅಂದುಕೊಂಡವರು ಎಷ್ಟು ಜನ ಇದ್ದೀರಿ? ಬಹಳ ಜನ ಇದ್ದೀರಿ. ಅದು ಮರ. ಪೈನ್ ಹಲಗೆಯ ಅಂಚನ್ನು ಓರೆಯಾಗಿ ಕೆತ್ತಿ, ಕಲ್ಲಿನ ಇಟ್ಟಿಗೆ ಜೋಡಿಸಿದ ಹಾಗೆ ಕಾಣುವಂತೆ ಗೀರು ಕೊರೆದು, ಬಣ್ಣ ಬಳಿದು, ಬಣ್ಣ ಹಸಿ ಇರುವಾಗಲೇ ಅದರ ಮೇಲೆ ಮರಳು ಎರಚುತ್ತಿದ್ದರು. ಕಲ್ಲಿನ ಹಾಗೂ ಕಾಣುತ್ತದೆ, ಮರವೂ ಬಾಳಿಕೆ ಬರುತ್ತದೆ ಅಂತ ವಾಷಿಂಗ್ಟನ್ನೇ ಪತ್ರದಲ್ಲಿ ಬರೆದಿದ್ದಾನೆ.

ಇದನ್ನು ಮಾಡೆಲ್‌ನಲ್ಲಿ ತೋರಿಸುವುದು ಹೇಗೆ? ಮರಳೇ ಎರಚಬಹುದಲ್ವಾ ಅಂತ ಅನ್ನಿಸುತ್ತದೆ. ಆಗುವುದಿಲ್ಲ. ಅರ್ಧ ಮಿಲಿಮೀಟರಿನ ಒಂದು ಮರಳು ಕಾಳು 48 ಪಟ್ಟು ದೊಡ್ಡದಾದರೆ ಸುಮಾರು ಒಂದು ಇಂಚು ಬರುತ್ತದೆ. ಗೋಡೆಗೆ ಜಲ್ಲಿ ಮೆತ್ತಿದ ಹಾಗೆ ಕಾಣುತ್ತದೆ. ಹಾಗಾಗಿ ನಾನು ಹೊಳಪಿಲ್ಲದ ಬಣ್ಣ ತೆಳುವಾಗಿ ಬಳಿದು, ಅದು ಅರೆ ಒಣಗಿದಾಗ ಟಾಲ್ಕಂ ಪೌಡರನ್ನು ಚಹಾ ಸೋಸುವ ಜರಡಿಯಲ್ಲಿ ಮೇಲಿನಿಂದ ಉದುರಿಸುತ್ತೇನೆ. ಒಣಗಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ, ಮತ್ತೊಂದು ತೆಳು ಬಣ್ಣ. ಹಲಗೆಯ ಗೀರುಗಳನ್ನು ಮಾತ್ರ ಇದಕ್ಕೆ ಮೊದಲೇ, ಬ್ಲೇಡಿನ ಹಿಂಬದಿಯಿಂದ, ಉಕ್ಕಿನ ಸ್ಕೇಲು ಹಿಡಿದು ಎಳೆಯಬೇಕು. ಮುಂಬದಿಯಿಂದ ಎಳೆದರೆ ಮರ ಸೀಳುತ್ತದೆ. ಹಿಂಬದಿಯಿಂದ ಎಳೆದರೆ ಒತ್ತಿದ ಗೆರೆ ಬೀಳುತ್ತದೆ, ಬೆಳಕು ಪಕ್ಕದಿಂದ ಬಿದ್ದಾಗ ನೆರಳೂ ಸರಿಯಾಗಿ ಬರುತ್ತದೆ. ಹತ್ತಿರ ಬಂದು ನೋಡಿ, ಬೆರಳಿಟ್ಟು ಮುಟ್ಟಿದರೂ ಪರವಾಗಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಈ ಮನೆ ಬೆಳೆಯುತ್ತಿದ್ದ ಕಾಲದಲ್ಲಿ ನಮ್ಮ ಕಡೆ ಹೈದರಾಲಿ, ಟಿಪ್ಪು. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಒಂದು ವ್ಯಾಪಾರಿ ಹಡಗನ್ನು ಯುದ್ಧಕ್ಕೆ ಸಜ್ಜು ಮಾಡಿಕೊಂಡರು, ಅದರ ಹೆಸರು ‘ಹೈದರ್ ಆಲಿ’. ಬ್ರಿಟಿಷರ ಜೊತೆ ಅಷ್ಟು ದೂರದಲ್ಲಿ ಕಾದಾಡುತ್ತಿದ್ದ ನಮ್ಮ ಮೈಸೂರಿನವನ ಹೆಸರು! ಜೋಶುವಾ ಬಾರ್ನಿ ಅನ್ನುವ ಕ್ಯಾಪ್ಟನ್ ಅದೇ ಹಡಗಿನಿಂದ ಬ್ರಿಟಿಷರ ‘ಜನರಲ್ ಮಾಂಕ್’ ಹಡಗನ್ನು ಹಿಡಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದ್ದು, ಅದೂ ಮರದ ಕೆಲಸವೇ. 1799ರ ಮೇ ತಿಂಗಳಲ್ಲಿ ಟಿಪ್ಪು ಸತ್ತ, ಅದೇ ವರ್ಷ ಡಿಸೆಂಬರ್ 14ಕ್ಕೆ ವಾಷಿಂಗ್ಟನ್ ಇದೇ ಮನೆಯಲ್ಲಿ ತೀರಿಕೊಂಡ. ಕಾಲ ಮನಸ್ಸಿನಲ್ಲಿ ನಿಲ್ಲಲಿ ಅಂತ ಹೇಳಿದೆ. ಮನೆಗೆ ವಾಪಸ್ ಬರೋಣ.

ಮೂರನೇ ಹಂತವೇ ದೊಡ್ಡದು. 1774ರಲ್ಲಿ ಶುರು. ದಕ್ಷಿಣದ ತುದಿಗೆ ಈ ಭಾಗ ಬಂತು, ಕೆಳಗೆ ವಾಷಿಂಗ್ಟನ್ನನ ಓದುವ ಕೋಣೆ, ಮೇಲೆ ಗಂಡ ಹೆಂಡತಿಯ ಮಲಗುವ ಕೋಣೆ. ಉತ್ತರದ ತುದಿಗೆ ಇದು, ಎರಡು ಅಂತಸ್ತಿನ ಎತ್ತರಕ್ಕೂ ಒಂದೇ ಕೋಣೆ. ಅದನ್ನು ಅವರು ‘ಹೊಸ ಕೋಣೆ’ ಅಂತಲೇ ಕರೆಯುತ್ತಿದ್ದರು. ಈಗಲೂ ಅದೇ ಹೆಸರು. 1777ರಲ್ಲಿ ನದಿ ಕಡೆಗೆ ಉದ್ದಕ್ಕೂ ಎಂಟು ಚೌಕ ಕಂಬಗಳ ಎತ್ತರದ ಜಗಲಿ. 1778ರಲ್ಲಿ ನೆತ್ತಿಯ ಮೇಲೆ ಈ ಗೋಪುರ, ಬೇಸಿಗೆಯ ಬಿಸಿ ಗಾಳಿಯನ್ನು ಮೇಲಕ್ಕೆಳೆದು ಮನೆ ತಂಪು ಮಾಡೋಕೆ. ಅಡುಗೆಮನೆಗೂ ಆ ಕಡೆಯ ಕಟ್ಟಡಕ್ಕೂ ಬಾಗಿದ ಸಾಲು ಕಮಾನುಗಳು.

ಆಯಸ್ಕಾಂತ ಕಚ್ಚಿಕೊಂಡ ಸದ್ದು ಕೇಳಿತಾ? ಈಗ ಈ ಗೋಡೆ ನೋಡಿ. ಒಂದು ನಿಮಿಷದ ಹಿಂದೆ ಇದು ಹೊರಗೋಡೆ. ಮಳೆ, ಬಿಸಿಲು ಇದರ ಮೇಲೇ ಬೀಳುತ್ತಿತ್ತು. ಈಗ ಎರಡು ಕೋಣೆಗಳ ನಡುವಿನ ಒಳಗೋಡೆ. ಚಿಮಣಿಗಳನ್ನೂ ನೋಡಿ. ಇಷ್ಟು ದೊಡ್ಡ ಮನೆಗೆ ಎರಡೇ ಚಿಮಣಿ, ಅವೂ ಮನೆಯ ತುದಿಯಲ್ಲಿಲ್ಲ, ಒಳಕ್ಕೆ ಸರಿದು ನಿಂತಿವೆ. ನಿಜ ಹೇಳಬೇಕೆಂದರೆ ಅವು ಸರಿದಿಲ್ಲ, ಇದ್ದಲ್ಲೇ ಇವೆ, ಮನೆಯೇ ಅವನ್ನು ದಾಟಿ ಮುಂದಕ್ಕೆ ಹೋಗಿದೆ. ಮುಂದಿನ ಸಲ ಅಲ್ಲಿ ಹೋದಾಗ ಹುಲ್ಲಿನ ಮೇಲೆ ನಿಂತು ಎರಡು ಚಿಮಣಿಯಿಂದ ನೇರ ಕೆಳಕ್ಕೆ ಗೆರೆ ಎಳೆದುಕೊಳ್ಳಿ, ಕಣ್ಣಲ್ಲೇ. ಆ ಎರಡು ಗೆರೆಯ ನಡುವೆ ಇರುವುದು ಅಪ್ಪ ಕಟ್ಟಿಸಿದ ಮನೆ.

ಮುಂಬಾಗಿಲ ಕಡೆಗೆ ತಿರುಗಿಸುತ್ತೇನೆ. ಕಿಟಕಿಗಳ ಅಂತರ ನೋಡಿ. ಬಾಗಿಲಿನ ಎಡಕ್ಕೊಂದು ಲೆಕ್ಕ, ಬಲಕ್ಕೊಂದು ಲೆಕ್ಕ. ಆ ಕಾಲದ ಶ್ರೀಮಂತರ ಮನೆ ಅಂದರೆ ಎಡಬಲ ಅಚ್ಚು ಒತ್ತಿದ ಹಾಗೆ ಇರಬೇಕಿತ್ತು, ಅದು ಆಗಿನ ಅಭಿರುಚಿ. ವಾಷಿಂಗ್ಟನ್‌ಗೂ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಹಳೇ ಮನೆಯ ಮೆಟ್ಟಿಲು, ಕೋಣೆ, ಬಾಗಿಲು ಎಲ್ಲಿದ್ದವೋ ಅಲ್ಲೇ ಉಳಿಸಿಕೊಂಡು ಬೆಳೆಸಿದ ಮನೆಗೆ ಹೊಸ ಮನೆಯ ಮುಖ ಬರುವುದು ಹೇಗೆ? ಅದಕ್ಕೇ ನೆತ್ತಿಯ ಮೇಲೆ ಒಂದು ತ್ರಿಕೋನ, ಅದರ ಮೇಲೆ ಗೋಪುರ. ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ, ನಡುವೆ ನಿಲ್ಲುತ್ತದೆ, ಕಿಟಕಿಗಳ ಅಂತರ ಎಣಿಸುವುದಿಲ್ಲ. ಗೋಪುರ ಎತ್ತಿ ತೋರಿಸುತ್ತೇನೆ. ಈಗ ವಾರೆಕೋರೆ ಎದ್ದು ಕಾಣುತ್ತದೆ, ಅಲ್ವಾ? ವಾಪಸ್ ಇಡುತ್ತೇನೆ. ಇಡೀ ಮಾಡೆಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಮಾಡೆಲ್ ಮಾಡುವ ಕೆಲವರು ಈ ಕಿಟಕಿಗಳನ್ನು ಸಮ ಮಾಡಿ ಬಿಡುತ್ತಾರೆ, ನೋಡೋಕೆ ನೀಟಾಗಿರಲಿ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಆ ವಾರೆಯಲ್ಲೇ 40 ವರ್ಷದ ಕಥೆ ಇದೆ.

ಇಷ್ಟೆಲ್ಲ ವಿವರ ನಮಗೆ ಹೇಗೆ ಗೊತ್ತು? ಮನೆಯೊಡೆಯ ಊರಲ್ಲಿರಲಿಲ್ಲ, ಅದರಿಂದ. 1758ರಲ್ಲಿ ಛಾವಣಿ ಎತ್ತುವಾಗ ಅವನು ಡುಕೇನ್ ಕೋಟೆಯ ಕಡೆ ದಂಡಿನಲ್ಲಿದ್ದ, ಇಲ್ಲಿ ಕೆಲಸ ನೋಡಿಕೊಂಡವನು ಜಾನ್ ಪ್ಯಾಟರ್ಸನ್. 1775ರಲ್ಲಿ ಸೇನಾಪತಿಯಾಗಿ ಹೋದವನು ಮತ್ತೆ ಮನೆ ಕಂಡದ್ದು 1781ರ ಸೆಪ್ಟೆಂಬರ್‌ನಲ್ಲಿ, ಯಾರ್ಕ್‌ಟೌನ್ ಯುದ್ಧಕ್ಕೆ ಹೋಗುವ ದಾರಿಯಲ್ಲಿ. ಅಂದರೆ ಈ ಜಗಲಿ, ಈ ಗೋಪುರ ಅವನಿಲ್ಲದಾಗಲೇ ಎದ್ದವು. ನೋಡಿಕೊಂಡವನು ದೂರದ ಸಂಬಂಧಿ ಲುಂಡ್ ವಾಷಿಂಗ್ಟನ್. ಇಬ್ಬರ ನಡುವೆ ಕಾಗದ ಓಡಾಡುತ್ತಲೇ ಇತ್ತು. 1776ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಬ್ರಿಟಿಷ್ ಹಡಗುಗಳು ಎದುರಿಗೇ ಬಂದು ನಿಂತಿರುವಾಗ, ಮನೆಯ ತುದಿಯಲ್ಲಿ ಯಾವ ಮರ ನೆಡಬೇಕು, ಹೇಗೆ ನೆಡಬೇಕು ಅಂತ ಬರೆಯುತ್ತಾನೆ. ಅವನು ಊರಲ್ಲೇ ಇದ್ದಿದ್ದರೆ ಬಾಯಲ್ಲಿ ಹೇಳಿ ಮುಗಿಸುತ್ತಿದ್ದ, ನಮಗೆ ಒಂದು ಸಾಲೂ ಸಿಗುತ್ತಿರಲಿಲ್ಲ. ಪತ್ರಗಳ ಜೊತೆಗೆ ಅವನೇ ಬರೆದ ಮುಂಭಾಗದ ನಕ್ಷೆ ಇದೆ, 1787ರಲ್ಲಿ ಬಂದ ಸ್ಯಾಮುವೆಲ್ ವಾನ್ ಬರೆದ ತೋಟದ ನಕ್ಷೆ ಇದೆ. ಮಾಡೆಲ್ ಮಾಡುವಾಗ ಒಂದು ಗೋಡೆಗೆ ಒಂದು ಚೀಟಿ ಅಂತ ಇಟ್ಟುಕೊಂಡಿದ್ದೇನೆ, ಈ ಅಳತೆ ಎಲ್ಲಿಂದ ಬಂತು ಅಂತ. ಬುಡದ ಡ್ರಾಯರ್‌ನಲ್ಲಿವೆ, ಬೇಕಾದವರು ತೆಗೆದು ಓದಬಹುದು.

ಇನ್ನೊಂದು ಚೀಟಿ ಬುಡದಲ್ಲಿ ಹೊರಗಡೆಯೇ ಅಂಟಿಸಿದ್ದೇನೆ. ಅದರಲ್ಲಿರುವುದು ಕೆಲಸ ಮಾಡಿದವರ ಹೆಸರು. ಗೋಯಿಂಗ್ ಲ್ಯಾನ್‌ಫಿಯರ್ ಅನ್ನುವ ಬಡಗಿಯನ್ನು ಸಂಬಳ ಕೊಟ್ಟು ಕರೆಸಿದ್ದರು. ಅವನ ಹೆಸರು ಲೆಕ್ಕದ ಪುಸ್ತಕದಲ್ಲಿದೆ. ಆದರೆ ಮರ ಕೊಯ್ದವರು, ತೊಲೆ ಎತ್ತಿದವರು, ಹಲಗೆ ಕೆತ್ತಿದವರಲ್ಲಿ ಬಹಳ ಜನ ಗುಲಾಮರು. 1799ರಲ್ಲಿ ಮೌಂಟ್ ವರ್ನನ್ನಿನಲ್ಲಿ 317 ಜನ ಗುಲಾಮರಿದ್ದರು. ಅವರಲ್ಲಿ ಐಸಾಕ್ ಬಡಗಿಗಳ ಮುಖ್ಯಸ್ಥ. ಸ್ಯಾಂಬೋ ಆಂಡರ್ಸನ್ ಆಫ್ರಿಕಾದಿಂದ ಹಿಡಿದು ತಂದವನು, ಇಲ್ಲಿ ಬಡಗಿಯಾದ, 1801ರಲ್ಲಿ ಬಿಡುಗಡೆಯಾದ. ಈ ಮನೆಯ ಬಗ್ಗೆ ಮಾತಾಡುವಾಗ ‘ವಾಷಿಂಗ್ಟನ್ ಕಟ್ಟಿದ’ ಅಂತ ಬಾಯಿಗೆ ಬಂದುಬಿಡುತ್ತದೆ. ಅವನು ಕಟ್ಟಿಸಿದ. ಕಟ್ಟಿದವರು ಇವರು. ಹಂತಗಳನ್ನು ತೋರಿಸುವ ಮಾಡೆಲ್ ಇವರ ಹೆಸರು ಬಿಟ್ಟರೆ ಅದು ಅರ್ಧ ಸುಳ್ಳು ಅಂತಲೇ ನನ್ನ ನಂಬಿಕೆ.

ಎಲ್ಲಿಗೆ ನಿಲ್ಲಿಸುವುದು ಅನ್ನುವುದೂ ಒಂದು ಪ್ರಶ್ನೆ. ನಾನು 1787ಕ್ಕೆ ನಿಲ್ಲಿಸಿದೆ. ಆ ವರ್ಷ ಗೋಪುರದ ತುದಿಗೆ ಗಾಳಿಯ ದಿಕ್ಕು ತೋರಿಸುವ ಪಾರಿವಾಳ ಬಂತು, ಬಾಯಲ್ಲಿ ಆಲಿವ್ ಕಡ್ಡಿ. ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವ ಸಭೆಗೆ ಹೋದವನು ಅಲ್ಲಿನ ಜೋಸೆಫ್ ರೇಕ್‌ಸ್ಟ್ರಾ ಅನ್ನುವವನ ಕೈಲಿ ಮಾಡಿಸಿದ್ದು. ಇಲ್ಲಿ ಅದು ತಾಮ್ರದ ತಂತಿಯ ಮೇಲೆ ಒಂದು ಚುಕ್ಕೆಯಷ್ಟು. ಆದರೆ ಮನೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1850ರ ದಶಕದ ಹೊತ್ತಿಗೆ ಜಗಲಿಯ ಕಂಬಗಳು ಕೊಳೆತು, ಛಾವಣಿ ಬೀಳದ ಹಾಗೆ ಹಡಗಿನ ಕೂವೆಮರ ಆನಿಸಿ ನಿಲ್ಲಿಸಿದ್ದರು. 1853ರಲ್ಲಿ ಆನ್ ಪಮೇಲಾ ಕನಿಂಗ್‌ಹ್ಯಾಮ್ ಹೆಂಗಸರ ಸಂಘ ಕಟ್ಟಿ, ಹಣ ಕೂಡಿಸಿ, 1858ರಲ್ಲಿ 2 ಲಕ್ಷ ಡಾಲರ್‌ಗೆ ಮನೆ ಕೊಳ್ಳುವ ಕರಾರು ಮಾಡಿಕೊಂಡರು. ಈಗಲೂ ಅದೇ ಸಂಘ ನೋಡಿಕೊಳ್ಳುತ್ತಿದೆ. ಆ ಕೂವೆಮರಗಳನ್ನೂ ಮಾಡಿ ಇಟ್ಟಿದ್ದೇನೆ, ಕೇಳಿದವರಿಗೆ ಕಂಬ ತೆಗೆದು ಅವನ್ನು ಆನಿಸಿ ತೋರಿಸುತ್ತೇನೆ. ಮಕ್ಕಳಿಗೆ ಎಲ್ಲದಕ್ಕಿಂತ ಜಾಸ್ತಿ ನೆನಪಿರುವುದು ಅದೇ. ಮೊನ್ನೆ ಮೊನ್ನೆ, 2024ರಲ್ಲಿ, ದೊಡ್ಡ ರಿಪೇರಿ ನಡೆಯುವಾಗ ನೆಲಮಾಳಿಗೆಯ ನೆಲದಡಿ 35 ಗಾಜಿನ ಬಾಟಲಿ ಸಿಕ್ಕವು. 29 ಒಡೆಯದೇ ಇದ್ದವು, ಒಳಗೆ ಚೆರ್ರಿ ಹಣ್ಣು! ರಿಪೇರಿಗೆ ಅಂತ ನೆಲ ಅಗೆದಾಗಲೇ ಹಳೇ ಮನೆ ಬಾಯಿ ಬಿಡುವುದು.

ಲೇಸರ್ ಕಟ್ಟರ್, ತ್ರೀಡಿ ಪ್ರಿಂಟರ್ ಬಳಸಬಹುದಾ ಅಂತ ಒಬ್ಬರು ಕೇಳಿದರು. ಖಂಡಿತ ಬಳಸಿ. ಗೋಪುರದ ಕಿಟಕಿ, ಜಗಲಿ ಕಂಬದ ಅಚ್ಚು, ಒಂದೇ ಥರದ್ದು ಹತ್ತಾರು ಬೇಕಾದ ಕಡೆ ಅದು ವರ. ಆದರೆ ಮೊದಲ ಹಂತದ ಗೋಡೆಗಳನ್ನು ಕೈಯಲ್ಲೇ ಮಾಡಿ, ಮುಂದಿನ ಹಂತದ ಬಾಗಿಲನ್ನು ಆ ಮುಗಿದ ಗೋಡೆಯಲ್ಲೇ ಕೊರೆಯಿರಿ. ಮೊದಲೇ ಕಂಪ್ಯೂಟರಿನಲ್ಲಿ ಎಲ್ಲಾ ತೂತು ಹಾಕಿಕೊಂಡು ಬಂದರೆ ಆ ಬಡಗಿಗಳು ಎದುರಿಸಿದ ಕಷ್ಟ ನಿಮ್ಮ ಕೈಗೆ ಗೊತ್ತಾಗುವುದೇ ಇಲ್ಲ. ಇಲ್ಲಿ ಕೊರೆದರೆ ಆಚೆ ಚಿಮಣಿ ಅಡ್ಡ ಬರುತ್ತದಾ, ಮೆಟ್ಟಿಲು ತಲೆಗೆ ತಾಗುತ್ತದಾ, ಇದೆಲ್ಲ ಆಗ ಕೇಳಿಕೊಳ್ಳಲೇಬೇಕಾಗುತ್ತದೆ.

ಊರಲ್ಲಿರುವ ತಮ್ಮ ಅಜ್ಜನ ಮನೆಗೆ ಇಂಥದ್ದು ಮಾಡಬಹುದಾ ಅಂತ ಇನ್ನೊಬ್ಬರ ಪ್ರಶ್ನೆ. ಮಾಡಲೇಬೇಕು, ಮಾರುವ ಮೊದಲು ಅಥವಾ ಕೆಡವುವ ಮೊದಲು. ಅಲ್ಲಿ ನಿಮಗೆ ವಾಷಿಂಗ್ಟನ್ನನ ಪತ್ರ ಸಿಗುವುದಿಲ್ಲ, ಆದರೆ ಗುರುತುಗಳು ಸಿಗುತ್ತವೆ. ಮಂಗಳೂರು ಹಂಚಿನ ಛಾವಣಿ ಇದ್ದರೆ ಅದು 1860ರ ದಶಕಕ್ಕಿಂತ ಹಿಂದಿನದ್ದಲ್ಲ, ಬಾಸೆಲ್ ಮಿಷನ್ನಿನ ಕಾರ್ಖಾನೆ ಶುರುವಾದದ್ದೇ ಆಗ. ಕೆಳಗಿನ ಗೋಡೆ ಅದಕ್ಕಿಂತ ಹಳೆಯದಿರಬಹುದು. ಜಂತೆಯಲ್ಲಿ ಕೆಲಸಕ್ಕೆ ಬಾರದ ತೂತು, ಖಾಲಿ ಕಚ್ಚು ಕಂಡರೆ ಆ ಮರ ಮೊದಲು ಬೇರೆ ಕಡೆ ಇತ್ತು ಅಂತ ಅರ್ಥ. ಹಿತ್ತಲ ಕಡೆಯ ನೆಲ ಒಂದು ಮೆಟ್ಟಿಲು ಕೆಳಗಿದ್ದರೆ ಅದನ್ನೂ ಬರೆದುಕೊಳ್ಳಿ. ಅಜ್ಜಿ ಇದ್ದರೆ ಯಾವ ಕೋಣೆಯಲ್ಲಿ ಯಾರ ಮದುವೆ ಹೊತ್ತಿಗೆ ಕೆಲಸ ನಡೆದಿತ್ತು ಅಂತ ಕೇಳಿ, ವರ್ಷ ನೆನಪಿರದಿದ್ದರೂ ಮದುವೆ ನೆನಪಿರುತ್ತದೆ. ಟೇಪು ಹಿಡಿದಾಗ ಮೊದಲು ಮನೆಯ ಉದ್ದಗಲ ಅಳೆಯಬೇಡಿ, ಒಳಗೋಡೆಗಳ ದಪ್ಪ ಅಳೆಯಿರಿ. ಎಲ್ಲಿ ಒಳಗೋಡೆ ಹೊರಗೋಡೆಯಷ್ಟೇ ದಪ್ಪ ಇದೆಯೋ, ಹಳೇ ಮನೆ ಅಲ್ಲಿಗೆ ಮುಗಿದಿತ್ತೇನೋ ಅಂತ ಮೊದಲು ಅಲ್ಲೇ ಹುಡುಕಿ.